ಮೂರನೆಯ ಸಹಿ

ಜನವರಿ ೯

ತಮ್ಮಾ,

ವಿಷಯ ಮೊದಲು ಹೇಳಿಬಿಡುತ್ತೇನೆ, ಕ್ಷೇಮ ಆಮೇಲೆ ಕೇಳುತ್ತೇನೆ. ಮನೆ ಮಾರೋಣ. ನೀನು ಆರು ವರ್ಷದಿಂದ ಇದನ್ನೇ ಹೇಳುತ್ತಿದ್ದೆ, ನಾನು ಆರು ವರ್ಷದಿಂದ ಆಗದು ಎನ್ನುತ್ತಿದ್ದೆ. ಈಗ ಆಗಲಿ ಎನ್ನುತ್ತಿದ್ದೇನೆ. ಗೆದ್ದೆ ಅಂತ ಬೀಗಬೇಡ. ನನ್ನನ್ನು ಸೋಲಿಸಿದ್ದು ನೀನಲ್ಲ, ಕಣ್ಣಿನ ಡಾಕ್ಟರು.

ಎರಡೂ ಕಣ್ಣಿನ ನಡುಭಾಗ ಸವೆಯುತ್ತಿದೆಯಂತೆ. ಅಂಚಿನ ನೋಟ ಉಳಿಯುತ್ತದೆ, ನಡುವಿನದು ಹೋಗುತ್ತದೆ. "ಇನ್ನೊಂದು ವರ್ಷ ಹೇಗೋ ಓದ್ಬಹುದು ಅಮ್ಮ, ಅದಾದ್ಮೇಲೆ ಒಬ್ರೇ ಇರ್ಬೇಡಿ" ಅಂದರು. ಹೇಳುವಾಗ ಅವರ ಮುಖ ನೋಡಿದೆ. ಮುಖವಿರಲಿಲ್ಲ, ಎರಡು ಕಿವಿಗಳಿದ್ದವು. ಮೂವತ್ತನಾಲ್ಕು ವರ್ಷ ಪ್ರೆಸ್ಸಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪ್ರೂಫ್ ತಿದ್ದಿದವಳಿಗೆ ಇದು ಬಂದಿದೆ ನೋಡು.

ಮೊನ್ನೆ ಒಬ್ಬ ದಲ್ಲಾಳಿ ಬಂದಿದ್ದ. ಮನೆ ನೋಡುವ ಮೊದಲೇ ಪತ್ರ ತೋರಿಸಿ ಅಂದ. ಅಮ್ಮ ನಮ್ಮ ಮೂವರ ಹೆಸರಿಗೂ ಬರೆದಿಟ್ಟದ್ದನ್ನು ನೋಡಿ, "ಈ ಮೂರನೆಯವರು ಯಾರು?" ಎಂದು ಕೇಳಿದ. ನನ್ನ ತಂಗಿ, ಮನೆ ಬಿಟ್ಟು ಹದಿನಾರು ವರ್ಷವಾಯಿತು, ಎಲ್ಲಿದ್ದಾಳೋ ಗೊತ್ತಿಲ್ಲ ಎಂದೆ. ಅವನಿಗೆ ನಗು ಬಂತು.

"ಅಷ್ಟೇ ತಾನೆ? ಯಾರಾದ್ರೂ ಒಬ್ಬ ಹೆಂಗಸನ್ನ ಕರ್ಕೊಂಡ್ಬಂದು ಸಹಿ ಹಾಕಿಸೋಣ ಬಿಡಿ. ವಯಸ್ಸು ಸರಿಹೋದ್ರೆ ಸಾಕು, ಮುಖ ಯಾರು ನೋಡ್ತಾರೆ? ಹಾವೂ ಸಾಯಬಾರದು, ಕೋಲೂ ಮುರೀಬಾರದು."

ಕೋಲು ಹತ್ತಿರದಲ್ಲಿರಲಿಲ್ಲ, ಕೊಡೆ ಇತ್ತು. ಅದನ್ನೇ ಎತ್ತಿಕೊಂಡೆ. ಅವನು ಹೋದ ವೇಗಕ್ಕೆ ಒಂದು ಪೆನ್ನು ಬಿಟ್ಟು ಹೋಗಿದ್ದಾನೆ. ಈ ಕಾಗದ ಬರೆಯುತ್ತಿರುವುದು ಅದರಲ್ಲೇ.

ಆದ್ದರಿಂದ ದಲ್ಲಾಳಿ ಬೇಡ. ಎಲ್ಲ ಕಾಗದವನ್ನೂ ನಾನೇ ಸಿದ್ಧ ಮಾಡುತ್ತೇನೆ. ಊರಿನವರ ತಪ್ಪೆಲ್ಲ ತಿದ್ದಿದವಳು ನಮ್ಮ ಮನೆಯ ಕಾಗದ ನೋಡಲಾರೆನೆ? ಅಮ್ಮನ ಉಯಿಲು ಇದೆ, ತೆರಿಗೆ ರಸೀದಿಗಳಿವೆ, ಮನೆಯ ನಕ್ಷೆ ಟ್ರಂಕಿನಲ್ಲಿದೆ. ಮನೆಯ ಮೇಲೆ ಸಾಲವಿಲ್ಲವೆಂದು ನೋಂದಣಿ ಕಚೇರಿಯಿಂದ ಒಂದು ಪ್ರಮಾಣಪತ್ರ ತರಬೇಕು. ಕ್ರಯಪತ್ರದ ಕರಡು ಬರೆಯಬೇಕು. ನಿನ್ನ ಸಹಿ ಬೇಕು, ನನ್ನ ಸಹಿ ಬೇಕು. ಮೂರನೆಯವಳು ನಮ್ಮ ಪಿಟೀಲು, ಅವಳ ಸಹಿಗೆ ಏನು ಮಾಡುವುದು, ನಿಮ್ಮೂರಿನಲ್ಲಿ ವಕೀಲರು ಯಾರಾದರೂ ಗೊತ್ತಿದ್ದರೆ ಕೇಳಿ ಬರೆ.

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಬರೀ "ಹೂಂ" ಅನ್ನುತ್ತೀಯ. ಕಾಗದದಲ್ಲಾದರೆ ಹೂಂ ಅನ್ನಲಿಕ್ಕೂ ಸ್ಟಾಂಪು ಹಚ್ಚಬೇಕು. ಅದಲ್ಲದೆ, ಓದಲು ಆಗುವಷ್ಟು ದಿನ ನಿನ್ನ ಅಕ್ಷರ ಓದಬೇಕು ಅಂತ ನನಗೆ ಆಸೆ.

ಈಗ ಕೇಳುತ್ತೇನೆ: ಕ್ಷೇಮವೇ? ನಿನ್ನ ಹೆಂಡತಿಯ ಮೊಣಕಾಲು ಹೇಗಿದೆ?

ನಿನ್ನ ಅಕ್ಕ


ಜನವರಿ ೨೪

ಅಕ್ಕಾ,

ನನಗೆ ಬರೆಯಲು ಬರುವುದಿಲ್ಲ ಅಂತ ನಿನಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ.

ಕಣ್ಣಿನ ವಿಷಯ ಓದಿ ಅವತ್ತು ಲಾಂಚಿನ ಎಂಜಿನ್ ಬಿಚ್ಚಿದವನು ಜೋಡಿಸುವುದನ್ನೇ ಮರೆತು ಕೂತಿದ್ದೆ. ಇನ್ನೊಬ್ಬ ಡಾಕ್ಟರಿಗೂ ತೋರಿಸೋಣ. ಇಲ್ಲಿ ಬಂದರುಕಟ್ಟೆಯ ಹತ್ತಿರ ಒಂದು ಮನೆ ನೋಡಿದ್ದೇವೆ. ನಿನ್ನ ಕೋಣೆ ಕೆಳಗೇ ಇದೆ, ಮೆಟ್ಟಿಲಿಲ್ಲ, ಬಚ್ಚಲಿಗೆ ಹೋಗಲು ಗೋಡೆ ಹಿಡಿದು ಎಂಟೇ ಹೆಜ್ಜೆ. ನಾನೇ ಕಣ್ಣು ಮುಚ್ಚಿಕೊಂಡು ನಡೆದು ನೋಡಿದೆ. ನಮ್ಮ ಮನೆ ಮಾರಿದರೆ ಮಾತ್ರ ಅದನ್ನು ಕೊಳ್ಳಲು ಆಗುವುದು, ಅದು ನಿನಗೂ ಗೊತ್ತು. "ಅತ್ತಿಗೆ ಬಂದ್ರೆ ನಂಗೂ ಮಾತಾಡೋಕೆ ಒಂದು ಜನ ಆಗತ್ತೆ, ನೀವಂತೂ ಕಂಬ" ಅಂದಳು ಇವಳು.

ವಕೀಲರನ್ನು ಕೇಳಿದೆ. ಏಳು ವರ್ಷ ಬಂಧುಬಳಗದ ಯಾರಿಗೂ ಸುದ್ದಿಯಿಲ್ಲದಿದ್ದರೆ ಕೋರ್ಟಿಗೆ ಅರ್ಜಿ ಹಾಕಬೇಕಂತೆ. ಅವರು ಒಪ್ಪಿದರೆ ಆ ಮನುಷ್ಯ ತೀರಿಕೊಂಡ ಲೆಕ್ಕ. ಆಮೇಲೆ ಉಳಿದವರ ಸಹಿ ಸಾಕು. ಬೇರೆ ದಾರಿ ಇಲ್ಲವಂತೆ, ಎರಡು ಸಲ ಕೇಳಿದೆ.

ನಿನಗೆ ಕಷ್ಟವಾದರೆ ಅರ್ಜಿಗೆ ನಾನೊಬ್ಬನೇ ಸಹಿ ಹಾಕುತ್ತೇನೆ.

ನಿನ್ನ ತಮ್ಮ


ಫೆಬ್ರವರಿ ೧೧

ತಮ್ಮಾ,

ನೀನೊಬ್ಬನೇ ಸಹಿ ಹಾಕಿದರೆ ನಡೆಯುವುದಿಲ್ಲ. ಅವಳ ಜೊತೆ ಕೊನೆಗೆ ಇದ್ದವಳು ನಾನು. ಪ್ರಮಾಣ ಮಾಡಿ ಹೇಳಬೇಕಾದವಳೂ ನಾನೇ.

ಕೋರ್ಟಿಗೆ ನಾಲ್ಕು ಸಲ ಹೋದೆ. ಅಲ್ಲಿಯ ಗುಮಾಸ್ತರು ಒಳ್ಳೆಯವರು, ಆದರೆ ಅವರ ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಇದೂ ಆಗಬಹುದು, ಅದೂ ಆಗಬಹುದು, ನಾಳೆ ಬಂದರೆ ಇನ್ನೂ ಏನೋ ಆಗಬಹುದು. ಕೊನೆಗೆ ಒಂದು ನಮೂನೆ ಕೊಟ್ಟರು. ಎಂಟು ಪುಟ. ಒಂದು ಸಾಲನ್ನು ಬಿಟ್ಟು ಉಳಿದದ್ದೆಲ್ಲ ತುಂಬಿಸಿದ್ದೇನೆ. ಕಾರ್ಡುಬೋರ್ಡಿನಲ್ಲಿ ಒಂದು ಗೆರೆಯಷ್ಟು ಸೀಳಿ ಇಟ್ಟುಕೊಂಡಿದ್ದೇನೆ. ಅದನ್ನು ಕಾಗದದ ಮೇಲಿಟ್ಟರೆ ಒಂದೇ ಸಾಲು ಕಾಣುತ್ತದೆ. ಕತ್ತು ಓರೆ ಮಾಡಿಕೊಂಡು ಕೋಳಿಯ ಹಾಗೆ ಓದುತ್ತೇನೆ. ನೋಡಿದರೆ ನೀನು ನಗುತ್ತೀಯ.

"ಕಾಣೆಯಾದವರ ಗುರುತು" ಎಂಬಲ್ಲಿ ಬಲಗಡೆ ಗಲ್ಲದ ಕೆಳಗೆ ಗಾಯದ ಕಲೆ ಎಂದು ಬರೆದೆ. ನಾಲ್ಕನೇ ಮೆಟ್ಟಿಲಿಂದ ಬಿದ್ದದ್ದು ನೆನಪಿದೆಯಲ್ಲ? ಬಿದ್ದ ಮೇಲೆ ಒಂದು ಗಂಟೆ ಕುಯ್ಯೋ ಅಂತ ಒಂದೇ ರಾಗದಲ್ಲಿ ಅತ್ತಳು. ತೊಟ್ಟಿಲಲ್ಲೇ ಪಿಟೀಲು ಅಂತ ಹೆಸರು ಬಿದ್ದಿತ್ತು, ಅವತ್ತು ಖಾಯಂ ಆಯಿತು. "ಇತರ ಹವ್ಯಾಸ" ಎಂಬಲ್ಲಿ ಏನು ಬರೆಯಬೇಕೆಂದು ತಿಳಿಯಲಿಲ್ಲ. ಬಟ್ಟೆ ಮಡಚುವಾಗ ಗುನುಗುವುದು ಎಂದು ಬರೆದೆ. ಗುಮಾಸ್ತರು ಅದನ್ನು ಹೊಡೆದು ಹಾಕಿ "ಯಾವುದೂ ಇಲ್ಲ" ಎಂದು ಬರೆದರು.

ಮನೆಗೆ ಗಿರಾಕಿ ಸಿಕ್ಕಿದ್ದಾನೆ. ಬಸ್ ಡ್ರೈವರ್. ಹಿಂದಿನ ಬೀದಿಯ ಡಿಪೋದಲ್ಲೇ ಕೆಲಸ. ಗೋಡೆಗೆ ಬಸ್ಸಿನ ಟೈರಿಗೆ ಒದೆಯುವ ಹಾಗೆ ಕಾಲಲ್ಲಿ ಒದ್ದು ನೋಡಿದ. "ಬಾಡಿ ಗಟ್ಟಿ ಇದೆ ಅಮ್ಮ" ಅಂದ. ಹೆಂಡತಿ ಮಾತು ಕಡಿಮೆ. ಅಡುಗೆಮನೆಯ ಕಿಟಕಿ ತೆರೆದು ಮುಚ್ಚಿ, ತೆರೆದು ಮುಚ್ಚಿ ನೋಡಿದಳು. ಈ ಮನೆ ಅವಳಿಗೆ ಹಿಡಿಸಿದೆ. ಕೋರ್ಟಿನದು ಮುಗಿಯುವವರೆಗೂ ಕಾಯುತ್ತಾರಂತೆ.

ಅವರು ಹೋದ ಮೇಲೆ ಬಾಗಿಲ ಹತ್ತಿರ ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಅಲ್ಲಿ ಕೂತರೆ ಬಾಗಿಲಿನ ಅಂಚೆ ಕಿಂಡಿ ಎದುರಿಗೇ ಇರುತ್ತದೆ. ನೀನು ಎಷ್ಟೋ ಸಲ ಕೇಳಿದ್ದೀಯ, ಈ ಸೋರುವ ಮನೆಗೆ ಯಾಕೆ ಅಂಟಿಕೊಂಡಿದ್ದೀಯ ಅಂತ. ಅವಳಿಗೆ ಗೊತ್ತಿರುವುದು ಈ ವಿಳಾಸ ಒಂದೇ, ಅದಕ್ಕೆ ಅಂತ ಹೇಳುತ್ತಿದ್ದೆ. ಅದು ನಿಜ. ಪೂರ್ತಿ ನಿಜವಲ್ಲ.

ಖಾಲಿ ಬಿಟ್ಟ ಸಾಲು ಯಾವುದೆಂದರೆ "ಕೊನೆಯ ಬಾರಿ ಸುದ್ದಿ ಬಂದ ದಿನಾಂಕ." ಅದನ್ನು ತುಂಬಿಸಿ ಮುಂದಿನ ವಾರ ಅರ್ಜಿ ಕಳಿಸುತ್ತೇನೆ. ಓದಿ, ಸಹಿ ಹಾಕಿ ಕಳಿಸು.

ನಿನ್ನ ಅಕ್ಕ


ಮಾರ್ಚ್ ೨

ಅಕ್ಕಾ,

ಅರ್ಜಿ ಬಂತು. ಸಹಿ ಹಾಕಿದೆ. ಆದರೆ ಅಂಚೆಗೆ ಹಾಕಿಲ್ಲ.

ಒಂದು ತಾರೀಖು ತಪ್ಪಾಗಿದೆ. ಪಿಟೀಲು ಮನೆ ಬಿಟ್ಟದ್ದು ಹದಿನಾರು ವರ್ಷದ ಹಿಂದೆ, ಅಮ್ಮ ಹಾಸಿಗೆ ಹಿಡಿದ ವರ್ಷ. ಅರ್ಜಿಯಲ್ಲೂ ಹಾಗೇ ಇದೆ. ಆದರೆ ಕೊನೆಯ ಸುದ್ದಿ ಅನ್ನುವ ಕಡೆ ನೀನು ಹದಿನಾಲ್ಕು ವರ್ಷದ ಹಿಂದಿನ ಸೆಪ್ಟೆಂಬರ್ ೧೭ ಎಂದು ಬರೆದಿದ್ದೀಯ. ಅಷ್ಟರಲ್ಲಿ ಅಮ್ಮ ಹೋಗಿ ಮೂರು ತಿಂಗಳಾಗಿತ್ತು.

ಇವಳಿಗೆ ತೋರಿಸಿದೆ. ಕಣ್ಣು ಮಂಜಾಗಿ ಬೇರೆ ಸಾಲಿನಲ್ಲಿ ಬರೆದಿರಬಹುದು ಅಂದಳು. ನಾನೂ ಹಾಗೇ ಅಂದುಕೊಂಡೆ. ಆಮೇಲೆ ಯೋಚನೆ ಬಂತು. ನೀನು ತಪ್ಪು ಬರೆಯುವವಳಲ್ಲ.

ಆ ಸೆಪ್ಟೆಂಬರಿನಲ್ಲಿ ಏನು ಸುದ್ದಿ ಬಂತು ಅಕ್ಕಾ?

ನಿನ್ನ ತಮ್ಮ


ಮಾರ್ಚ್ ೧೦

ತಮ್ಮಾ,

ತಾರೀಖು ಸರಿಯಾಗಿದೆ.

ಅವತ್ತು ಮಧ್ಯಾಹ್ನ ಕಿಂಡಿಯಿಂದ ಒಂದು ಕವರು ಬಿತ್ತು. ಮೇಲೆ ನನ್ನ ಹೆಸರು, ಅವಳ ಅಕ್ಷರ. ಅವಳಿಗೆ ಅಕ್ಷರ ಕಲಿಸಿದವಳು ನಾನು, ಗುರುತು ಹಿಡಿಯಲು ಕ್ಷಣ ಬೇಕಾಗಲಿಲ್ಲ. ದಪ್ಪ ಕವರು. ಒಳಗೆ ನಾಲ್ಕೈದು ಹಾಳೆಯಾದರೂ ಇದ್ದಿರಬೇಕು.

ತೆರೆಯಲಿಲ್ಲ.

ನಿನಗೆ ಗೊತ್ತಿರುವುದು ಅರ್ಧ. ಅವಳು ಹೋದದ್ದು ಒಂದು ಭಾನುವಾರ. ಭಾನುವಾರ ಅಮ್ಮನಿಗೆ ಸ್ನಾನ ಮಾಡಿಸುವ ಸರದಿ ಅವಳದು. ಬೆಳಿಗ್ಗೆ ಚೀಲ ಹಿಡಿದು ಇಳಿದು ಬಂದಳು. ನಾನು ಒಂದು ಮಾತು ಅಂದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಕೇಳಬೇಡ. ಅವಳು ಬಾಗಿಲು ಹಾಕಿಕೊಂಡು ಹೋದಳು. ಆಮೇಲೆ ಒಂದೂವರೆ ವರ್ಷ ಅಮ್ಮನನ್ನು ಎತ್ತಿ, ಇಳಿಸಿ, ತೊಳೆದು, ಉಣಿಸಿ, ಪ್ರೆಸ್ಸಿಗೂ ಹೋಗಿ ಬಂದೆ. ನೀನು ಸಮುದ್ರದ ಮೇಲೆ ಇದ್ದೆ. ತಿಂಗಳಿಗೊಂದು ಸಲ ಹಣ್ಣು ಹಿಡಿದುಕೊಂಡು ಬರುತ್ತಿದ್ದೆ. ನಿನ್ನನ್ನು ದೂರುತ್ತಿಲ್ಲ, ಇದ್ದದ್ದು ಹೇಳಿದೆ. ಅಮ್ಮ ಕೊನೆಯ ವಾರ ಪೂರ್ತಿ "ಪಿಟೀಲು ಬಂತಾ? ಪಿಟೀಲು ಬಂತಾ?" ಅಂತ ಕೇಳಿದಳು. ಪಕ್ಕದಲ್ಲಿ ಕೂತಿದ್ದ ನನ್ನನ್ನು ಒಂದು ಸಲವೂ ಹೆಸರು ಹಿಡಿದು ಕರೆಯಲಿಲ್ಲ.

ಅದು ನನಗೆ ಎಷ್ಟು ಉರಿಯಿತು ಅಂತ ನಿನಗೆ ಹೇಗೆ ಹೇಳಲಿ. ಮೂರು ತಿಂಗಳಾದರೂ ಉರಿ ಆರಿರಲಿಲ್ಲ. ಆಗ ಬಂತು ಆ ಕವರು. ಮೇಜಿನ ಮೇಲೆ ಪ್ರೂಫ್ ತಿದ್ದುವ ಕೆಂಪು ಪೆನ್ಸಿಲಿತ್ತು. ನನ್ನ ಹೆಸರಿನ ಮೇಲೆ ಒಂದು ಗೆರೆ ಎಳೆದು, "ಈ ವಿಳಾಸದಲ್ಲಿ ಯಾರೂ ಇಲ್ಲ" ಎಂದು ಬರೆದು, ಮರುದಿನ ಪೋಸ್ಟ್‌ಮ್ಯಾನ್ ಕೈಗೆ ವಾಪಸು ಕೊಟ್ಟೆ. ಅವನು ನನ್ನ ಮುಖ ನೋಡಿದ. "ಅಮ್ಮಾ, ಇದು ನಿಮ್ದೇ ಅಲ್ವಾ?" ಅಂದ. ಅಲ್ಲ ಅಂದೆ.

ಇನ್ನೊಂದು ಕಾಗದ ಬರುತ್ತದೆ, ಆಗ ನೋಡೋಣ ಅಂದುಕೊಂಡಿದ್ದೆ. ಸ್ವಲ್ಪ ನೋಯಲಿ, ಇನ್ನೊಂದು ಬರೆಯಲಿ, ಅಕ್ಕ ಅಂತ ಗೋಗರೆಯಲಿ. ಬರಲೇ ಇಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ ಅಂತ ಅಮ್ಮ ಅನ್ನುತ್ತಿದ್ದಳು. ನಾನು ಕೊಯ್ದದ್ದು ನನ್ನ ಮೂಗೂ ಅಲ್ಲ.

ಕವರಿನ ಹಿಂದೆ ಅವಳ ವಿಳಾಸವಿತ್ತು. ಓದಿದ್ದನ್ನು ಮರೆಯದಿರುವುದು ನನ್ನ ಕಸುಬು. ಒಂದು ವರ್ಷದ ಮೇಲೆ ಹೋಗಬೇಕೆಂದು ಟಿಕೆಟ್ ತೆಗೆದು ಬಸ್ ನಿಲ್ದಾಣದಲ್ಲಿ ಕೂತೆ. ಬಾಗಿಲು ತೆರೆದ ಕೂಡಲೇ "ಅಮ್ಮ ಹೇಗಿದ್ದಾಳೆ?" ಅನ್ನುತ್ತಾಳೆ, ಅದಕ್ಕೆ ಏನು ಹೇಳಲಿ ಎಂದು ಯೋಚಿಸುತ್ತ ಕೂತೆ. ಬಸ್ಸು ಹೋಯಿತು. ಅದಾಗಿ ಎರಡು ವರ್ಷಕ್ಕೆ ಕಾಗದ ಬರೆದೆ, ಉತ್ತರವಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಕೆಳಗಿನ ಮೆಟ್ಟಿಲು, ಕಿಂಡಿ, ನಾನು.

ಅರ್ಜಿಯಲ್ಲಿ ಹದಿನಾರು ಎಂದೇ ಬರೆದುಬಿಡಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ, ನಿನಗೂ. ಆದರೆ ಆ ಎಂಟು ಪುಟದ ಕೆಳಗೆ "ಮೇಲಿನದೆಲ್ಲ ಸತ್ಯ" ಅಂತ ಇದೆ. ಅದರ ಕೆಳಗೆ ನನ್ನ ಹೆಸರು.

ಅವಳ ವಿಳಾಸವನ್ನು ಬೇರೆ ಚೀಟಿಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ.

ಅಕ್ಕ


ಏಪ್ರಿಲ್ ೧೮

ತಮ್ಮಾ,

ಐದು ವಾರವಾಯಿತು. ಬೈಯಲಿಕ್ಕಾದರೂ ಬರೆ.

ನಿನ್ನೆ ನೋಂದಣಿ ಕಚೇರಿಯಿಂದ ಸಾಲವಿಲ್ಲದ ಪ್ರಮಾಣಪತ್ರ ಸಿಕ್ಕಿತು. ನಮ್ಮ ಮನೆಯ ಮೇಲೆ ಯಾರ ಋಣವೂ ಇಲ್ಲ ಎಂದು ಮೊಹರು ಹಾಕಿ ಕೊಟ್ಟಿದ್ದಾರೆ. ಓದಿ ಮೇಜಿನ ಮೇಲೆ ಮಗುಚಿ ಇಟ್ಟೆ.

ಅಕ್ಕ


ಜೂನ್ ೬

ಅಕ್ಕಾ,

ಬೈಯಬೇಕೆಂದು ಮೂರು ಸಲ ಬರೆದೆ, ಮೂರು ಸಲ ಹರಿದೆ. ಕೊನೆಗೆ ರಜೆ ಹಾಕಿ ಆ ವಿಳಾಸಕ್ಕೆ ಹೋಗಿ ಬಂದೆ.

ಅದು ಕೆಲಸಕ್ಕೆ ಹೋಗುವ ಹೆಂಗಸರು ಬಾಡಿಗೆಗಿರುವ ಮನೆ. ಕೆಳಗೆ ಬಟ್ಟೆ ಇಸ್ತ್ರಿ ಮಾಡುವ ಅಂಗಡಿ. ಮನೆಯ ಯಜಮಾನಿ ಮುದುಕಿ, ಆದರೆ ತಲೆ ಚುರುಕು. ನಾನು ಗಲ್ಲದ ಕೆಳಗೆ ಕಲೆ ಅನ್ನುವುದಕ್ಕೆ ಮೊದಲೇ ಕೇಳಿದರು, "ಬಟ್ಟೆ ಮಡಚ್ತಾ ಗುನುಗ್ತಿದ್ಳಲ್ಲ, ಅವಳಾ?"

ಅವಳೇ ಅಂದೆ ಅಕ್ಕಾ.

ಅಂಗಡಿಯಲ್ಲೇ ಕೆಲಸ ಮಾಡುತ್ತಿದ್ದಳಂತೆ. ಒಂದು ದಿನ ಕಾಗದ ವಾಪಸು ಬಂತು. ಅದನ್ನು ಮುದುಕಿಗೆ ತೋರಿಸಿದಳಂತೆ. ಅವಳು ಹೇಳಿದ ಮಾತನ್ನು ಅವರು ನನಗೆ ಹೇಳಿದರು, ಹಾಗೇ ಬರೆಯುತ್ತೇನೆ. "ನಮ್ಮೋರು ಮನೆ ಮಾರ್ಕೊಂಡು ಎಲ್ಲೋ ಹೋಗಿದಾರೆ ಅಮ್ಮ. ನಮ್ಮಮ್ಮ ಇದ್ದಿದ್ರೆ ಮಾರ್ತಿರ್ಲಿಲ್ಲ, ಹೋಗ್ಬಿಟ್ಟಿರ್ಬೇಕು. ನಂಗಿನ್ನು ಊರಿಲ್ಲ." ಕೆಂಪು ಅಕ್ಷರ ಯಾರದೆಂದು ಅವಳಿಗೆ ಗೊತ್ತಾಗಲಿಲ್ಲವೇ ಅಂತ ಕೇಳಿದೆ. ಅದರ ಮಾತು ಆಡಲಿಲ್ಲ, ಕಾಗದವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟುಕೊಂಡಳು ಅಂದರು. ಗೊತ್ತಾಗಿತ್ತೋ ಇಲ್ಲವೋ ನನಗೆ ತಿಳಿಯದು. ಯಾವುದು ಆಗಿದ್ದರೆ ವಾಸಿ ಅನ್ನುವುದೂ ತಿಳಿಯದು.

ಅದೇ ವರ್ಷ ನವೆಂಬರ್ ೨ಕ್ಕೆ ಹೊರಟುಹೋದಳು. ಬಾಡಿಗೆ ಪುಸ್ತಕದಲ್ಲಿ ತಾರೀಖು ನೋಡಿದೆ. ಎಲ್ಲಿಗೆ ಅಂತ ಹೇಳಲಿಲ್ಲ. ನೀನು ಬರೆದ ಕಾಗದ ಬಂದಾಗ ಮುದುಕಿ ಒಂದು ವರ್ಷ ಇಟ್ಟುಕೊಂಡಿದ್ದು ಎಸೆದರಂತೆ. ಆಸುಪಾಸಿನ ಅಂಗಡಿ, ಆಸ್ಪತ್ರೆ, ಪೊಲೀಸ್ ಠಾಣೆ ಎಲ್ಲ ಕಡೆ ಕೇಳಿದೆ. ಎಲ್ಲೂ ಇಲ್ಲ.

ಸಿಟ್ಟು ಹೋಗಿಲ್ಲ. ಹೋಗುತ್ತದೋ ಇಲ್ಲವೋ ಹೇಳಲಾರೆ. ಆದರೆ ಅಮ್ಮನನ್ನು ಎತ್ತಿ ಇಳಿಸಿದ್ದು ನೀನು, ಹಣ್ಣು ತಂದವನು ನಾನು. ಅದನ್ನೂ ಬಸ್ಸಿನಲ್ಲಿ ದಾರಿ ಪೂರ್ತಿ ಯೋಚಿಸಿದೆ.

ಅರ್ಜಿ ಇದರ ಜೊತೆಗಿದೆ, ಸಹಿ ಹಾಕಿದ್ದೇನೆ. ತಾರೀಖು ಮಾತ್ರ ತಿದ್ದಬೇಕು. ಕೆಳಗಿನ ಕೋಣೆಗೆ ಇವಳು ಸುಣ್ಣ ಹೊಡೆಸಲು ಹೇಳಿದ್ದಾಳೆ. ಮುಂಗಡ ಕೊಟ್ಟಾಗಿದೆ.

ತಮ್ಮ


ಆಗಸ್ಟ್ ೩

ತಮ್ಮಾ,

ನವೆಂಬರ್ ೨ ಎಂದು ತಿದ್ದಿ ಅರ್ಜಿ ಕೊಟ್ಟೆ. ನಿನ್ನ ಕಾಗದಕ್ಕೆ ಆಗಲೇ ಉತ್ತರ ಬರೆಯಲು ಕೈ ಏಳಲಿಲ್ಲ. ಅವಳು "ಮನೆ ಮಾರ್ಕೊಂಡು ಹೋಗಿದಾರೆ" ಅಂದಳು ಅಂತ ಬರೆದಿದ್ದೀಯಲ್ಲ, ಆ ಸಾಲಿನ ಮೇಲೆ ಕಾರ್ಡುಬೋರ್ಡು ಇಟ್ಟು ಎಷ್ಟು ಸಲ ಓದಿದೆನೋ. ಹದಿನಾಲ್ಕು ವರ್ಷ ಅವಳ ಲೆಕ್ಕದಲ್ಲಿ ಮಾರಿಹೋಗಿದ್ದ ಮನೆಯಲ್ಲಿ ಅವಳಿಗಾಗಿ ಕಾದು ಕೂತಿದ್ದೆ. ನನ್ನಷ್ಟು ಮೂರ್ಖಳು ಇನ್ನೊಬ್ಬಳು ಇರಲಾರಳು.

ಪತ್ರಿಕೆಯಲ್ಲಿ ಪ್ರಕಟಣೆ ಬಂತು. "ಮೂವತ್ತು ದಿನದೊಳಗೆ ಖುದ್ದಾಗಿ ಹಾಜರಾಗದಿದ್ದಲ್ಲಿ" ಎಂದು. ಕರಡು ನಾನೇ ತಿದ್ದಿ ಕೊಟ್ಟಿದ್ದೆ. ಆ ಮೂವತ್ತು ದಿನವೂ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಡ್ರೈವರನ ಹೆಂಡತಿ ತರಕಾರಿ, ಹಾಲು ತಂದುಕೊಟ್ಟಳು. ಯಾಕೆ ಏನು ಅಂತ ಕೇಳಲಿಲ್ಲ. ಇಪ್ಪತ್ತಾರನೇ ದಿನ ಯಾರೋ ಬಾಗಿಲು ಬಡಿದರು. ಎದುರಿಗೆ ಒಬ್ಬ ಹೆಂಗಸು. ನಡುವೆ ಮುಖ ಕಾಣಲಿಲ್ಲ, ಹೆಗಲು ಕಂಡಿತು, ಚೀಲ ಕಂಡಿತು. ಗಲ್ಲದ ಕೆಳಗೆ ಮುಟ್ಟಲು ಕೈ ಚಾಚಿದೆ. ಅವಳು ಹಿಂದಕ್ಕೆ ಸರಿದು, "ನೀರಿನ ಮೀಟರ್ ನೋಡ್ಬೇಕಿತ್ತು ಅಮ್ಮ" ಅಂದಳು.

ಕೋರ್ಟಿನಲ್ಲಿ ನ್ಯಾಯಾಧೀಶರು ಹೆಂಗಸು. ಧ್ವನಿ ಮೃದು. "ನಿಮ್ಮ ತಂಗಿ ಬದುಕಿಲ್ಲ ಅಂತ ನೀವು ನಂಬ್ತೀರಾ?" ಎಂದು ಕೇಳಿದರು.

"ಏಳು ವರ್ಷ ಸುದ್ದಿ ಇಲ್ಲ ಅಂದ್ರೆ ಕಾನೂನು ಹಾಗೆ ನಂಬತ್ತೆ" ಅಂದೆ.

"ಕಾನೂನಿನ ವಿಷಯ ನಂಗೆ ಗೊತ್ತು. ನಿಮ್ಮನ್ನ ಕೇಳ್ತಿದೀನಿ."

ಗುಮಾಸ್ತರು ಹಿಂದಿನಿಂದ "ಹೌದು ಅನ್ನಿ, ಹೌದು ಅನ್ನಿ" ಎಂದು ಪಿಸುಗುಟ್ಟಿದರು. ಸುಣ್ಣ ಹೊಡೆದ ಆ ಕೋಣೆ, ನೀನು ಕಣ್ಣು ಮುಚ್ಚಿಕೊಂಡು ನಡೆದ ಎಂಟು ಹೆಜ್ಜೆ ನೆನಪಾಯಿತು. ನೀನು ಕೊಟ್ಟ ಮುಂಗಡ ನೆನಪಾಯಿತು.

ಹೌದು ಅಂದೆ.

ಅಂದದ್ದನ್ನು ಟೈಪ್ ಮಾಡಿ ಓದಲು ಕೊಟ್ಟರು. ಎಷ್ಟು ಪುಸ್ತಕಗಳಲ್ಲಿ ಎಷ್ಟು ಸಾವಿರ ತಪ್ಪು ತಿದ್ದಿದ್ದೇನೋ ಲೆಕ್ಕವಿಲ್ಲ. ಆ ಹಾಳೆಯಲ್ಲಿ ಒಂದು ತಪ್ಪನ್ನು ಕಂಡೂ ಕಂಡೂ ಬಿಟ್ಟು, ಕೆಳಗೆ ಸಹಿ ಹಾಕಿ ಬಂದೆ. ಆದೇಶ ಜುಲೈ ೨೧ರ ತಾರೀಖಿನಲ್ಲಿದೆ. ನಕಲು ಇಟ್ಟಿದ್ದೇನೆ.

ಕ್ರಯಪತ್ರ ಸಿದ್ಧವಾಗಿದೆ. ಪೂರ್ವಕ್ಕೆ ಬೀದಿ, ಪಶ್ಚಿಮಕ್ಕೆ ಡಿಪೋ ಗೋಡೆ, ಉತ್ತರಕ್ಕೆ ಪ್ರೆಸ್ಸಿನ ಗೋದಾಮು, ದಕ್ಷಿಣಕ್ಕೆ ಚಪ್ಪಲಿ ಹೊಲಿಯುವವನ ಮನೆ. ಕೊನೆಗೆ ನಾನೇ ಒಂದು ಷರತ್ತು ಸೇರಿಸಿದ್ದೆ: ಕೊಂಡವರು ಬಾಗಿಲಿನ ಅಂಚೆ ಕಿಂಡಿಯನ್ನಾಗಲಿ ಮನೆಯ ನಂಬರನ್ನಾಗಲಿ ತೆಗೆಯತಕ್ಕದ್ದಲ್ಲ. ನೋಂದಣಿ ಕಚೇರಿಯವರು ನಕ್ಕು, "ಇಂಥದ್ದೆಲ್ಲ ಬರೆಯೋ ಹಾಗಿಲ್ಲ ಅಮ್ಮ" ಅಂದು ಹೊಡೆದು ಹಾಕಿದರು. ಡ್ರೈವರ್ ಪಕ್ಕದಲ್ಲೇ ಇದ್ದ. "ಬರೀದಿದ್ರೂ ಇಟ್ಕೋತೀನಿ ಬಿಡಿ" ಅಂದ. ಇಟ್ಟುಕೊಳ್ಳುತ್ತಾನೆ ಅಂತಲೇ ತೋರುತ್ತದೆ. ಎಷ್ಟು ವರ್ಷ ಅಂತ ಕೇಳಲಿಲ್ಲ.

ಸಾಲು ಸೊಟ್ಟಗಾಗಿದ್ದರೆ ಹೇಳು. ಇದು ನಾನು ಸ್ವಂತ ಕೈಯಲ್ಲಿ ಬರೆಯುವ ಕೊನೆಯ ಕಾಗದ ಇರಬೇಕು.

ಅಕ್ಕ


ಸೆಪ್ಟೆಂಬರ್ ೫

ಅಕ್ಕಾ,

ಸಾಲು ಒಂದರ ಮೇಲೊಂದು ಹತ್ತಿತ್ತು. ಓದಲು ಎರಡು ದಿನ ಬೇಕಾಯಿತು. ಓದಿದೆ.

ನೋಂದಣಿ ೨೮ಕ್ಕೆ ಅಂತ ಕಚೇರಿಯವರು ತಿಳಿಸಿದ್ದಾರೆ. ಎರಡು ದಿನ ಮೊದಲೇ ಬರುತ್ತೇನೆ. ಭಾರದ ಸಾಮಾನು ನೀನು ಎತ್ತಬೇಡ. ಈ ಕಾಗದವನ್ನು ಡ್ರೈವರನ ಹೆಂಡತಿ ಕೈಲಿ ಓದಿಸಿಕೋ.

ತಮ್ಮ


ಸೆಪ್ಟೆಂಬರ್ ೨೮

ಪಿಟೀಲೂ,

ಈ ಕಾಗದ ನಿನ್ನ ಕೈಯಲ್ಲಿದ್ದರೆ, ನೀನು ಬಂದರೆ ಕೊಡುತ್ತೇನೆ ಅಂದಿದ್ದ ಬಸ್ ಡ್ರೈವರ್ ಮಾತಿಗೆ ತಪ್ಪುವವನಲ್ಲ ಎಂದಾಯಿತು. ನಾನು ಹೇಳುತ್ತಿದ್ದೇನೆ, ಅಣ್ಣ ಬರೆಯುತ್ತಿದ್ದಾನೆ. ಅವನ ಅಕ್ಷರ ನೋಡಿ ನಗಬೇಡ.

ಮನೆಯನ್ನು ಇವತ್ತು ಬೆಳಿಗ್ಗೆ ಮಾರಿದೆವು. ನೀನು ತಿಳಿದ ಹಾಗೆ ಹದಿನಾಲ್ಕು ವರ್ಷದ ಹಿಂದೆ ಅಲ್ಲ, ಇವತ್ತು. ನಿನ್ನ ಕಾಗದ ಬಂದ ದಿನ ನಾನು ಮನೆಯಲ್ಲೇ ಇದ್ದೆ. ಕೆಂಪು ಪೆನ್ಸಿಲಿನಲ್ಲಿ ಬರೆದವಳು ನಾನೇ. ನಿನಗೆ ಆಗಲೇ ಗೊತ್ತಾಗಿದ್ದರೆ ಸರಿ, ಗೊತ್ತಾಗದಿದ್ದರೆ ಈಗ ಗೊತ್ತಾಗಲಿ. ಕ್ಷಮಿಸು ಅನ್ನಲು ನನಗೆ ಬಾಯಿಲ್ಲ. ಅಮ್ಮ ನಿನ್ನನ್ನು ಕೇಳುತ್ತಲೇ ಹೋದಳು, ಅದನ್ನು ನಿನಗೆ ತಿಳಿಸಬೇಕಾಗಿತ್ತು.

ಇನ್ನೊಂದು ವಿಷಯ, ಗಾಬರಿಯಾಗಬೇಡ. ಜುಲೈ ೨೧ರಿಂದ ನೀನು ಸತ್ತಿದ್ದೀಯ. ಕೋರ್ಟು ಹಾಗೆ ಬರೆದಿದೆ, ನಾನು ಹೌದು ಅಂದಿದ್ದೇನೆ. ನಿನ್ನ ಪಾಲನ್ನು ನಿನ್ನ ಹೆಸರಿನಲ್ಲೇ ಇಡಲು ಬ್ಯಾಂಕಿಗೆ ಹೋಗಿದ್ದೆ. ತೀರಿಕೊಂಡವರ ಹೆಸರಲ್ಲಿ ಖಾತೆ ತೆರೆಯುವುದಿಲ್ಲ ಅಂದರು. ಅದು ಅಣ್ಣನ ಹತ್ತಿರ ಇದೆ.

ಮತ್ತೆ ಬದುಕಲು ಏನೇನು ಬೇಕೆಂದು ಗುಮಾಸ್ತರನ್ನು ಕೇಳಿಕೊಂಡು ಬಂದಿದ್ದೇನೆ. ಆದೇಶದ ನಕಲು ಬೇಕು, ಇದರೊಳಗಿದೆ. ಹುಟ್ಟಿದ ದಾಖಲೆ ಬೇಕು, ಅದೂ ಇದೆ, ಅಸಲೇ ಇಟ್ಟಿದ್ದೇನೆ. ಶಾಲೆಯ ದಾಖಲೆಯಲ್ಲಿ ಗಲ್ಲದ ಕಲೆಯ ವಿಷಯ ಬರೆದಿದೆ, ಅದು ಹಳದಿ ಲಕೋಟೆಯಲ್ಲಿದೆ. ನಿನ್ನ ಈಗಿನ ಫೋಟೋ ಎರಡು ಬೇಕು, ಅದನ್ನು ನೀನೇ ತರಬೇಕು. ಚಿಕ್ಕಂದಿನಿಂದ ನಿನ್ನನ್ನು ಬಲ್ಲ ಇಬ್ಬರು ಸಾಕ್ಷಿಗಳು ಬೇಕು. ನಾವು ಉಳಿದಿರುವುದೂ ಇಬ್ಬರೇ. ಕಣ್ಣು ಕಾಣದವಳ ಸಾಕ್ಷಿ ನಡೆಯುತ್ತದೆಯೇ ಎಂದು ಕೇಳಿದೆ. ಕೈಯಲ್ಲಿ ಮುಟ್ಟಿ ಹೇಳಿದರೂ ನಡೆಯುತ್ತದಂತೆ. ಅವರು ನನ್ನನ್ನು ಸಮಾಧಾನ ಮಾಡಲು ಹಾಗೆಂದರೋ ಏನೋ.

ನಮ್ಮ ವಿಳಾಸ ಹಿಂದಿನ ಪುಟದಲ್ಲಿದೆ. ಬರುವುದಾದರೆ ಬೇಗ ಬಾ. ನಿನಗೀಗ ನಲವತ್ತೆರಡು, ನನಗೆ ಅರವತ್ತು.

ನಿನ್ನ ಅಕ್ಕ

ಪಿಟೀಲು, ಇನ್ನು ಮುಂದಿನದು ನನ್ನ ಮಾತು. ಅಕ್ಕ ಹೇಳಿದ್ದನ್ನೆಲ್ಲ ಬರೆದೆ, ಸಹಿ ಅವಳೇ ಹಾಕಿದಳು. ಸಾಮಾನು ಲಾರಿಗೆ ಹೋಯಿತು. ಡ್ರೈವರ್ ಹೊರಗೆ ನಿಂತಿದ್ದಾನೆ. ಕಾಗದ ಅವನ ಕೈಗೇ ಕೊಡೋಣ ಅಂದೆ, ಅಕ್ಕ ಬೇಡ ಅಂದಳು. ಬೀಗ ಹಾಕಿದ ಮೇಲೆ ಹೊರಗಿನಿಂದ ಕಿಂಡಿಯಲ್ಲಿ ತಾನೇ ಹಾಕುತ್ತಾಳಂತೆ. ಕಾಗದ ಒಳಗೆ ಬೀಳುವ ಸದ್ದು ಒಂದು ಸಲ ಕೇಳಬೇಕಂತೆ, ಅದು ಕೇಳಿ ಬಹಳ ವರ್ಷವಾಯಿತಂತೆ.

ನಿನ್ನ ಅಣ್ಣ